ವಾಡಿಯಿಂದ ಬಂದ ಕ್ಯಾಮೆರಾ

ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಂಡದ್ದು ನನಗೆ ಹೆಚ್ಚು ನೆನಪಿಲ್ಲ. ಅಪ್ಪ ಗೂಡ್ಸ್ ಗಾಡಿಯ ಗಾರ್ಡ್. ಹೊತ್ತಲ್ಲದ ಹೊತ್ತಿನಲ್ಲಿ ಹೋಗಿ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಿದ್ದ. ಅವ್ವ ಉಪ್ಪಲ್ ಕಡೆಯ ಒಂದು ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ, ಡಾರ್ಕ್‌ರೂಮಿನಲ್ಲಿ ಫಿಲಂ ತೊಳೆಯುವ ಕೆಲಸಕ್ಕಿದ್ದಳು. ಒಂದು ವಾರ ಬೆಳಗಿನ ಪಾಳಿ, ಒಂದು ವಾರ ರಾತ್ರಿ ಪಾಳಿ. ಸದಾ ಮನೆಯಲ್ಲಿರುತ್ತಿದ್ದವಳು ಅಪ್ಪನ ತಾಯಿ, ನಮ್ಮ ಆಯಿ. ತೆಲುಗು ಸೀಮೆಯ ಆ ದೊಡ್ಡ ಊರಿನಲ್ಲಿ, ಮಲ್ಕಾಜ್‌ಗಿರಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ, ಮೇಲೆ ಮಾಲಕಿ, ಕೆಳಗೆ ಹಿಂಭಾಗದ ಪೋರ್ಷನ್ ನಮ್ಮದು. ಮೂರು ಕೋಣೆ ಒಂದರ ಹಿಂದೊಂದು, ರೈಲಿನ ಡಬ್ಬಿಗಳ ಹಾಗೆ. ಮೊದಲನೆಯದರಲ್ಲಿ ಒಂದು ಮಂಚ. ಅದರ ಮೇಲೆ ಹಗಲು ಹೊತ್ತಿನಲ್ಲಿ ಅಪ್ಪನೋ ಅವ್ವನೋ ಯಾರಾದರೊಬ್ಬರು ನಿದ್ದೆ ಮಾಡುತ್ತಿರುತ್ತಿದ್ದರು. ಹಾಗಾಗಿ ನಾನು ಚಿಕ್ಕಂದಿನಿಂದ ಮೆಲ್ಲಗೆ ಮಾತಾಡುವುದನ್ನೂ ಕಾಲ್ಬೆರಳ ಮೇಲೆ ನಡೆಯುವುದನ್ನೂ ಕಲಿತೆ. ನಡುಕೋಣೆಯಲ್ಲಿ ಆಯಿ, ನಾನು ಮತ್ತು ದೇವರ ಗೂಡು. ಕೊನೆಯದು ಅಡುಗೆಮನೆ. ಅದರಾಚೆ ಸಣ್ಣ ಅಂಗಳ, ಬಟ್ಟೆ ಒಗೆಯುವ ಕಲ್ಲು, ಒಂದು ಕರಿಬೇವಿನ ಗಿಡ, ಬಚ್ಚಲು.

ಅವ್ವ ಡ್ಯೂಟಿಯಿಂದ ಬಂದವಳೇ ಯಾರೊಂದಿಗೂ ಮಾತಾಡದೆ ನೆಟ್ಟಗೆ ಬಚ್ಚಲಿಗೆ ಹೋಗುತ್ತಿದ್ದಳು. ಅವಳ ಮೈಗೆ ಒಂದು ಹುಳಿ ವಾಸನೆ ಅಂಟಿರುತ್ತಿತ್ತು, ಫಿಲಂ ತೊಳೆಯುವ ಔಷಧಿಗಳದ್ದು. ಉಗುರಿನ ತುದಿಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಸ್ನಾನ ಮಾಡಿ, ಸೀರೆ ಬದಲಿಸಿ, ಆಮೇಲೇ ಹಿಟ್ಟಿನ ಡಬ್ಬಿ ಮುಟ್ಟುವುದು. ಆಸ್ಪತ್ರೆಯಲ್ಲಿ ಏನು ಮಾಡುತ್ತಾಳೆಂದು ಅವಳು ಹೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಸೊಸೆ ಮನೆ ಬಿಟ್ಟು ಕತ್ತಲೆ ಕೋಣೆಯಲ್ಲಿ ದುಡಿಯುವುದು ಆಯಿಗೆ ಮೊದಲಿನಿಂದಲೂ ಸೇರದು. ಅದನ್ನು ನೇರವಾಗಿ ಹೇಳದೆ ರೊಟ್ಟಿಯ ಮೇಲೆ ಹಾಕುತ್ತಿದ್ದಳು.

“ಇವತ್ತ ರೊಟ್ಟಿ ಔಷಧಿ ನಾರಾಕತ್ತೈತಿ.”

“ಹಂಗಾರ ನಾಳಿಂದ ನೀವ ಬಡೀರಿ, ಅತ್ತಿ.”

ಅಲ್ಲಿಗೆ ಮಾತು ನಿಲ್ಲುತ್ತಿತ್ತು. ಅದಾದ ಮೇಲೆ ಒಂದೆರಡು ದಿನ ಅವರಿಬ್ಬರ ನಡುವಿನ ಮಾತೆಲ್ಲ ನನ್ನ ಮೂಲಕವೇ ಹೋಗಿ ಬರುತ್ತಿತ್ತು.

ನಾನು ಹತ್ತನೇ ಕ್ಲಾಸಿನ ಪರೀಕ್ಷೆ ಬರೆದು ಮನೆಯಲ್ಲಿದ್ದ ಬೇಸಿಗೆಯಲ್ಲಿ ಅಪ್ಪ ವಾಡಿಯಿಂದ ಒಂದು ದೊಡ್ಡ ಗಂಟು ತಂದ. ವಾಡಿಯಲ್ಲಿ ಅಪ್ಪನ ಅಕ್ಕ, ನಮ್ಮ ಅತ್ತೆ ಇದ್ದಳು. ಅವಳ ಗಂಡ ಅಲ್ಲಿ ಫೋಟೋ ಸ್ಟುಡಿಯೊ ನಡೆಸುತ್ತಿದ್ದ. ಆತ ತೀರಿಕೊಂಡ ಮೇಲೆ ಸ್ಟುಡಿಯೊ ಖಾಲಿ ಮಾಡುವಾಗ, ಶಾಲೆಗಳ ಗ್ರೂಪ್ ಫೋಟೋ ತೆಗೆಯುತ್ತಿದ್ದ ಅವನ ಹಳೇ ಮರದ ಕ್ಯಾಮೆರಾವನ್ನು ಗುಜರಿಯವನಿಗೆ ಕೊಡಲು ಅತ್ತೆಗೆ ಮನಸ್ಸಾಗಲಿಲ್ಲ. ತಮ್ಮನಿಗೆ ಕೊಟ್ಟಳು. ಅಪ್ಪ ಅದನ್ನು ಕೌದಿಯಲ್ಲಿ ಸುತ್ತಿ, ಗಾಡಿಯ ಕೊನೆಯಲ್ಲಿ ಗಾರ್ಡ್ ಕೂರುವ ಬ್ರೇಕ್‌ವ್ಯಾನಿನಲ್ಲಿಟ್ಟುಕೊಂಡು ತಂದಿದ್ದ.

“ಅಕ್ಕ ಅಳಾಕತ್ತಿದ್ಲು. ಬ್ಯಾಡ ಅನ್ನಾಕ ಬಾಯಿ ಬರ್ಲಿಲ್ಲ,” ಎಂದ ಅವ್ವನಿಗೆ.

“ಇಡೋದೆಲ್ಲಿ? ನನ್ನ ತಲಿ ಮ್ಯಾಲ ಇಡ್ರಿ,” ಎಂದಳು ಅವ್ವ.

ಮರುದಿನ ಅಂಗಳದಲ್ಲಿ ಅಪ್ಪನೂ ನಾನೂ ಅದನ್ನು ಬಿಚ್ಚಿದೆವು. ತೇಗದ ಪೆಟ್ಟಿಗೆ, ಹಿತ್ತಾಳೆಯ ತಿರುಪುಗಳು. ಮುಂಭಾಗವನ್ನು ಎಳೆದರೆ ಹಾರ್ಮೋನಿಯಂ ತಿದಿಯಂತೆ ಕಪ್ಪು ಚರ್ಮದ ಮಡಿಕೆಗಳು ಬಿಚ್ಚಿಕೊಂಡು ಬಂದವು. ಹಿಂದೆ ಮಬ್ಬು ಗಾಜು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಏರಿಸಿ, ಅಪ್ಪ ತನ್ನ ಭಾವ ಮಾಡುತ್ತಿದ್ದುದನ್ನು ನೆನಪಿಸಿಕೊಂಡು, ಕೌದಿಯನ್ನು ನನ್ನ ತಲೆಯ ಮೇಲೆ ಹೊದಿಸಿದ. ಒಳಗೆ ಬೇಯುವಂಥ ಸೆಕೆ. ಮೊದಲು ಏನೂ ಕಾಣಲಿಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಗಾಜಿನ ಮೇಲೆ ನಮ್ಮ ಅಂಗಳ ನಿಂತಿತ್ತು, ತಲೆಕೆಳಗಾಗಿ. ಕರಿಬೇವಿನ ಗಿಡ ಮೇಲಿನಿಂದ ಕೆಳಗೆ ಬೆಳೆದಿತ್ತು. ಅವ್ವ ಆಕಾಶಕ್ಕೆ ಪಾದವೂರಿ ಬಟ್ಟೆ ಒಣಹಾಕುತ್ತಿದ್ದಳು. ಸೀರೆಯ ಬಣ್ಣ, ತಂತಿಯಿಂದ ತೊಟ್ಟಿಕ್ಕುವ ನೀರು, ಎಲ್ಲವೂ ಬದುಕಿರುವಷ್ಟೇ ಸ್ಪಷ್ಟ. ಅವ್ವ ತಿರುಗಿ ನನ್ನತ್ತ ನೋಡಿದಳು. ದಿನಾ ನೋಡುವ ಮುಖವೇ, ಆದರೆ ಅದು ಅಷ್ಟು ದಣಿದಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕೌದಿಯಿಂದ ಹೊರಬಂದಾಗ ನಾನು ಬೆವತು ತೊಯ್ದು ಹೋಗಿದ್ದೆ. ಇದರಲ್ಲಿ ಫೋಟೋ ತೆಗೆಯಲೇಬೇಕು ಎಂದು ಆ ಕ್ಷಣವೇ ತೀರ್ಮಾನಿಸಿದೆ. ಹೇಗೆ ಎಂಬುದು ಗೊತ್ತಿರಲಿಲ್ಲ, ಕೇಳೋಣವೆಂದರೆ ಗೊತ್ತಿದ್ದವನೇ ಇರಲಿಲ್ಲ.

ಮೊದಲು ತೂತುಗಳು. ನಡುಕೋಣೆಯ ಕಿಟಕಿಗೆ ಚಾದರ ಕಟ್ಟಿ, ಪೆಟ್ಟಿಗೆಯೊಳಗೆ ಅಪ್ಪನ ಡ್ಯೂಟಿ ಟಾರ್ಚು ಹಚ್ಚಿ ಇಟ್ಟೆ. ಚರ್ಮದ ಮಡಿಕೆಯ ಮೂಲೆಮೂಲೆಗಳಿಂದ ಬೆಳಕಿನ ಚುಕ್ಕೆಗಳು ಹೊರಬಂದವು. ಅಷ್ಟು ಬೆಳಕು ಒಳನುಗ್ಗಿದರೆ ಯಾವ ಫಿಲ್ಮೂ ಉಳಿಯುವುದಿಲ್ಲ. ಸ್ಟೇಷನ್ ರಸ್ತೆಯ ಪಂಕ್ಚರ್ ಅಂಗಡಿಯಿಂದ ಹಳೇ ಟ್ಯೂಬು, ಸೊಲ್ಯೂಷನ್ ತಂದು, ಒಂದೊಂದೇ ಚುಕ್ಕೆಗೆ ಉಗುರಿನಷ್ಟು ರಬ್ಬರು ಅಂಟಿಸಿದೆ. ಒಂದು ಮೂಲೆ ಮುಚ್ಚಿದರೆ ಮಡಚಿ ಬಿಚ್ಚುವಾಗ ಇನ್ನೊಂದು ಬಾಯಿ ಬಿಡುತ್ತಿತ್ತು. ಆಯಿ ಕಾಳು ಆರಿಸುತ್ತ ಪಕ್ಕದಲ್ಲೇ ಕೂತು, “ಅಲ್ಲೊಂದು ಐತಿ ನೋಡ, ಇಲ್ಲೊಂದು,” ಎಂದು ತೋರಿಸುತ್ತಿದ್ದಳು. ಲೆನ್ಸಿಗೆ ಬಟನ್ ಇರಲಿಲ್ಲ. ಬರೀ ಒಂದು ಹಿತ್ತಾಳೆ ಮುಚ್ಚಳ. ತೆಗೆದರೆ ಬೆಳಕು ಒಳಗೆ, ಹಾಕಿದರೆ ಬಂದ್. ಫಿಲಂ ಇಡಲು ಚಪ್ಪಟೆ ಮರದ ಡಬ್ಬಿಗಳಿದ್ದವು. ಅದನ್ನು ಕತ್ತಲಲ್ಲಿ ತುಂಬಿ, ಗಾಜಿನ ಜಾಗದಲ್ಲಿ ಸಿಕ್ಕಿಸಿ, ಅದರ ತಗಡನ್ನು ಎಳೆದು, ಆಮೇಲೆ ಮುಚ್ಚಳ ತೆಗೆಯಬೇಕು. ಇದೆಲ್ಲ ಅರ್ಥವಾಗಲು ನನಗೆ ಬಹಳ ದಿನ ಹಿಡಿಯಿತು.

ಫಿಲಂ ಮಾತ್ರ ಎಲ್ಲೂ ಸಿಗಲಿಲ್ಲ. ಆಗಲೇ ಊರಿನ ಸ್ಟುಡಿಯೊಗಳೆಲ್ಲ ಡಿಜಿಟಲ್ ಆಗುತ್ತಿದ್ದ ಕಾಲ. ಕೋಠಿ ಬಜಾರಿನಲ್ಲಿ ಅಂಗಡಿ ಅಂಗಡಿ ಸುತ್ತಿದೆ. ಒಬ್ಬ ಮುದುಕ ಅಂಗಡಿಕಾರ ನಾನು ಕೈಯಲ್ಲಿ ಮಾಡಿ ತೋರಿಸಿದ ಅಳತೆ ನೋಡಿ ನಕ್ಕ.

“ಅರೇ ಬೇಟಿ, ಇಸ್ಕಾ ಮಾಲ್ ಅಬ್ ನಕ್ಕೋ ಪೂಛೋ. ಸಬ್ ಬಂದ್ ಹೋಗಯಾ.” ಇದರ ಮಾಲು ಈಗ ಕೇಳಲೇಬೇಡ, ಎಲ್ಲ ನಿಂತುಹೋಗಿದೆ ಎಂದು.

ವಾಪಸು ಬರುವ ಬಸ್ಸಿನಲ್ಲಿ ಕೈಗೆ ಪ್ಲಾಸ್ಟರ್ ಹಾಕಿದ ಒಬ್ಬ ಹುಡುಗನ ತಾಯಿ ಎಕ್ಸ್-ರೇ ಕವರು ಹಿಡಿದು ಕೂತಿದ್ದಳು. ಅದರ ಅಳತೆ ನೋಡಿ ನನಗೆ ಹೊಳೆಯಿತು. ಮನೆಗೆ ಬಂದು ಆಯಿಯ ಮಣಿಕಟ್ಟು ಮುರಿದಿದ್ದಾಗ ತೆಗೆಸಿದ್ದ ಎಕ್ಸ್-ರೇಯನ್ನು ಟ್ರಂಕಿನಿಂದ ತೆಗೆದು ಮರದ ಡಬ್ಬಿಯಲ್ಲಿಟ್ಟೆ. ಅಂಚು ಒಂದಿಷ್ಟು ಕತ್ತರಿಸಿದರೆ ಸರಿಯಾಗಿ ಕೂರುತ್ತಿತ್ತು. ಅಂದು ಸಂಜೆ ಅವ್ವ ಹಿಟ್ಟು ನಾದುತ್ತಿದ್ದಾಗ ಕೇಳಿದೆ, ಆಸ್ಪತ್ರೆಯಲ್ಲಿ ಹಳೇ ಫಿಲಂ ಏನಾದರೂ ಎಸೆಯುತ್ತಾರೇನು, ತಂದು ಕೊಡುತ್ತೀಯಾ ಎಂದು. ಅವಳ ಕೈ ನಿಂತಿತು.

“ಆಸ್ಪತ್ರಿದು ಒಂದ್ ಹನಿ ನೀರೂ ಈ ಮನಿಗೆ ಬರಂಗಿಲ್ಲ. ತಿಳೀತಾ? ಆ ವಾಸನಿ ಬಿಟ್ಟು ಬರಾಕಂತನ ನಾ ಮನಿಗೆ ಬರ್ತೀನಿ, ಶೈಲಾ. ಅದನ್ನ ನೀ ಒಳಗ ಕರೀಬ್ಯಾಡ.”

ಅಪ್ಪ ಮರುವಾರ ಸರ್ಜಿಕಲ್ ಅಂಗಡಿಯಿಂದ ಒಂದು ಡಬ್ಬಿ ಫಿಲಂ, ಎರಡು ಔಷಧಿ ಪೊಟ್ಟಣ ತಂದು ಮಂಚದ ಕೆಳಗೆ ತಳ್ಳಿದ. ಎಕ್ಸ್-ರೇ ಫಿಲ್ಮಿಗೆ ಕೆಂಪು ಬೆಳಕು ಕಾಣುವುದಿಲ್ಲ, ಅದರಲ್ಲಿ ತೊಳೆದರೆ ಹಾಳಾಗದು ಎಂದು ಅಂಗಡಿಯವನೇ ಅವನಿಗೆ ಹೇಳಿದ್ದ. ಮನೆಯಲ್ಲಿ ಇದ್ದದ್ದು ಒಂದೇ ಕೆಂಪು ಬಲ್ಬು, ದೇವರ ಗೂಡಿನ ಝೀರೋ ಬಲ್ಬು. ಅವ್ವ ಡ್ಯೂಟಿಗೆ ಹೋದ ಒಂದು ಬೆಳಿಗ್ಗೆ ಅದನ್ನು ಬಿಚ್ಚಿ ಬಚ್ಚಲಿಗೆ ಹಾಕಿಕೊಂಡೆ. ಬೆಳಕಿಂಡಿಗೆ ರಟ್ಟು ಹೊಡೆದೆ, ಬಾಗಿಲ ಸಂದಿಗೆ ಗೋಣಿಚೀಲ ತುರುಕಿದೆ. ಆಯಿ ಪೂಜೆಗೆ ಬಂದು ನೋಡಿ ಬಚ್ಚಲ ಬಾಗಿಲು ಬಡಿದಳು.

“ದೇವ್ರಿಗೆ ಕತ್ತಲಿ ಮಾಡಿ ನೀ ಬಚ್ಚಲದಾಗ ಬೆಳಕ ಮಾಡ್ಕೊಂಡಿಯೇನ?”

“ಆಯಿ, ಬಾಗ್ಲ ತಗೀಬ್ಯಾಡ! ಹಾಳಾಗ್ತೈತಿ!”

“ನೀನ ಹಾಳಾಗಿ. ಹೊರಗ ಬಾ.”

ನಾನು ಹೊರಬರಲಿಲ್ಲ. ಆಯಿ ಬೈಯುತ್ತಲೇ ಗೂಡಿನಲ್ಲಿ ಎಣ್ಣೆಯ ದೀಪ ಹಚ್ಚಿಟ್ಟಳು. ಔಷಧಿ ಕಲಸಲು ಅಗಲವಾದ ಪಾತ್ರೆ ಬೇಕಿತ್ತು. ನಾನು ಯೋಚಿಸದೆ ಹಿಟ್ಟು ನಾದುವ ಪರಾತವನ್ನೇ ಎತ್ತಿಕೊಂಡಿದ್ದೆ. ಆ ದಿನದ ಮೊದಲ ಫಿಲಂ, ಅಂಗಳದಲ್ಲಿ ಕೂರಿಸಿ ತೆಗೆದ ಆಯಿಯ ಫೋಟೋ, ಕಲ್ಲಿದ್ದಲಿನಂತೆ ಕಪ್ಪಗೆ ಬಂತು. ಎರಡನೆಯದೂ ಕಪ್ಪು. ಮೂರನೆಯದರಲ್ಲಿ ಒಂದು ಮೂಗು, ಸ್ವಲ್ಪ ಸೆರಗು, ಉಳಿದೆಲ್ಲ ನನ್ನ ಉಗುರಿನ ಗೀರು. ನಾನು ಮೂಗಿನ ಸಂಭ್ರಮದಲ್ಲಿ ಹೊತ್ತು ಮರೆತೆ. ಅವ್ವ ಪಾಳಿ ಮುಗಿಸಿ ಬಂದು ಬಚ್ಚಲಿಗೆ ಬಂದಾಗ ಪರಾತ ಅಲ್ಲೇ ಇತ್ತು.

ಅವ್ವ ನನ್ನನ್ನು ಹೊಡೆಯಲಿಲ್ಲ. ಪರಾತ ಎತ್ತಿ ಮೂಸಿ ನೋಡಿ, ಔಷಧಿ ಚೆಲ್ಲಿ, ಅದನ್ನು ಗಲ್ಲಿಯ ಕಸದ ತೊಟ್ಟಿಗೆ ಎಸೆದು ಬಂದಳು. ಅದು ಅವಳ ತವರಿನದು.

“ಇದು ವಿಷ. ನನ್ನ ಉಗುರು ನೋಡೀಯಿಲ್ಲೋ? ಇದನ್ನ ಊಟದ ಭಾಂಡ್ಯಾದಾಗ ಹಾಕ್ತಿ? ಬಂದ್. ಇವತ್ತಿಗಿದು ಬಂದ್. ಆ ಪೆಟ್ಟಿಗಿ ನಾಳೆ ಗುಜರಿಗೆ ಹೋಗ್ಬೇಕು.”

“ಗುಜರಿಗೆ ಹೋದ್ರ ನಾನೂ ಅದರ ಹಿಂದ ಹೋಗ್ತೀನಿ,” ಎಂದೆ. ಅವ್ವನಿಗೆ ನಾನು ಎದುರುತ್ತರ ಕೊಟ್ಟದ್ದು ಅದೇ ಮೊದಲು. ಮೆಲ್ಲಗೆ ಮಾತಾಡಿ ಅಭ್ಯಾಸವಾಗಿದ್ದ ನನ್ನ ದನಿ ಮೇಲಿನ ಮಾಲಕಿಗೂ ಕೇಳಿರಬೇಕು, ಅವಳು ಕಟಕಟೆಗೆ ಬಂದು ಬಗ್ಗಿ ನೋಡಿದಳು.

ಪೆಟ್ಟಿಗೆ ಗುಜರಿಗೆ ಹೋಗಲಿಲ್ಲ. ಔಷಧಿ, ಫಿಲಂ ಮಾತ್ರ ಬೀರುವಿಗೆ ಹೋಗಿ ಬೀಗ ಬಿತ್ತು. ಫಿಲಂ ಇಲ್ಲದಿದ್ದರೆ ಏನಾಯಿತು, ಗಾಜು ಇತ್ತಲ್ಲ. ನಾನು ದಿನಾ ಬೆಳಿಗ್ಗೆ ಅಂಗಳದಲ್ಲಿ ಕ್ಯಾಮೆರಾ ಹೂಡಿ ಕೌದಿ ಹೊದ್ದು ನಿಂತೆ. ಒಗೆಯುವ ಕಲ್ಲು, ಹಾಲಿನ ಪಾಕೀಟು, ನಿದ್ದೆ ಮಾಡುವ ಅಪ್ಪನ ಪಾದ, ಪುಂಡಿಪಲ್ಯ ಸೋಸುವ ಆಯಿಯ ಕೈ. ಗಾಜಿನ ಮೇಲೆ ಪ್ರತಿಯೊಂದೂ ಸ್ಪಷ್ಟವಾಗುವವರೆಗೆ ತಿರುಪು ತಿರುವುತ್ತಿದ್ದೆ, ಮುಚ್ಚಳ ತೆಗೆಯುತ್ತಿದ್ದೆ, ಹಾಕುತ್ತಿದ್ದೆ. ತಲೆಕೆಳಗಾದ ಚಿತ್ರವನ್ನು ನೇರವಾಗಿ ಓದುವುದು ರೂಢಿಯಾಯಿತು. “ಖಾಲಿ ಡಬ್ಬಿ ಮುಂದ ಕುಂತು ಕುಂತು ನನ್ನ ಸೊಂಟ ಹೋತು,” ಎಂದು ಆಯಿ ಗೊಣಗುತ್ತಿದ್ದಳು, ಆದರೂ ಕೂರುತ್ತಿದ್ದಳು. ಅವ್ವ ನನ್ನ ಪಕ್ಕದಿಂದಲೇ ಬಚ್ಚಲಿಗೆ ಹೋಗುತ್ತಿದ್ದಳು. ನಾನು ಕೌದಿ ತೆಗೆಯುತ್ತಿರಲಿಲ್ಲ. ಬೇಸಿಗೆಯೆಲ್ಲ ಹಾಗೇ ನಡೆಯಿತು. ಒಂದು ಸಂಗತಿಯ ಮುಂದೆ ದಣಿಯದೆ ನಿಲ್ಲಬಲ್ಲೆ ಎಂಬುದು ನನಗೆ ನನ್ನ ಬಗ್ಗೆ ಗೊತ್ತಾದದ್ದು ಆ ದಿನಗಳಲ್ಲಿ.

ಜೂನ್ ತಿಂಗಳಲ್ಲಿ ಒಂದು ಬದಲಾವಣೆ ಗಮನಕ್ಕೆ ಬಂತು. ಅವ್ವ ಡ್ಯೂಟಿಯಿಂದ ಬಂದಳು, ಆದರೆ ವಾಸನೆ ಇರಲಿಲ್ಲ. ಬಚ್ಚಲಿಗೆ ಹೋಗದೆ ಮಂಚದ ಮೇಲೆ ಕೂತಳು. ಆಸ್ಪತ್ರೆಗೆ ಹೊಸ ಮಷೀನು ಬಂದಿತ್ತು. ಇನ್ನು ಎಲುಬಿನ ಚಿತ್ರ ನೇರವಾಗಿ ಕಂಪ್ಯೂಟರಿನಲ್ಲೇ ಮೂಡುತ್ತದಂತೆ, ಡಾರ್ಕ್‌ರೂಮು ಒಡೆದು ಅಲ್ಲಿ ಸ್ಕ್ಯಾನಿಂಗ್ ಕೋಣೆ ಮಾಡುತ್ತಾರಂತೆ. ಅವ್ವನನ್ನು ಚೀಟಿ ಬರೆಯುವ ಕೌಂಟರಿಗೆ ಹಾಕಿದ್ದರು.

“ಚಲೋ ಆತು ಬಿಡ,” ಎಂದಳು ಆಯಿ. “ರಾತ್ರಿ ಪಾಳಿ ತಪ್ಪಿತಲ್ಲ.”

“ಹೌದು, ಚಲೋ ಆತು,” ಎಂದಳು ಅವ್ವ. ಆ ರಾತ್ರಿ ಅವಳು ಉಣ್ಣಲಿಲ್ಲ. ಮರುದಿನ ಬೀರುವಿನ ಬೀಗದ ಕೈ ಅಡುಗೆಮನೆಯ ಮೊಳೆಯಲ್ಲಿ ತೂಗುತ್ತಿತ್ತು. ಅಪ್ಪ ಪ್ಲಾಸ್ಟಿಕ್ ತಟ್ಟೆಗಳನ್ನು ತಂದುಕೊಟ್ಟ, ನಾನು ಮತ್ತೆ ಬಚ್ಚಲು ಸೇರಿದೆ.

ಆ ಮಧ್ಯಾಹ್ನ ಕೆಂಪು ಬೆಳಕಿನಲ್ಲಿ ನಾನು ಫಿಲಂ ಅನ್ನು ತಟ್ಟೆಗೆ ಹಾಕಿ ಅಲ್ಲಾಡಿಸುತ್ತಿದ್ದೆ. ಬಾಗಿಲಾಚೆ ಯಾರೋ ನಿಂತಿರುವುದು ಸಂದಿಯ ನೆರಳಿನಿಂದ ಗೊತ್ತಾಯಿತು. ಆಮೇಲೆ ಅವ್ವನ ದನಿ.

“ಹಂಗ ದಬದಬ ಅಲ್ಲಾಡಿಸಬ್ಯಾಡ. ಅದೇನ ಅಕ್ಕಿ ತೊಳ್ಯಾಕತ್ತೀಯೇನ?”

ನಾನು ಕೈ ನಿಧಾನ ಮಾಡಿದೆ.

“ತಟ್ಟೀದ ತಳಕ್ಕ ತಿಕ್ಕಬ್ಯಾಡ. ಈ ಫಿಲ್ಮಿಗೆ ಎರಡೂ ಕಡೆ ಮಸಾಲಿ ಇರ್ತೈತಿ. ಗೀರು ಬೀಳ್ತೈತಿ.”

“ಕಾಣವಲ್ದು ಅವ್ವಾ, ಎಷ್ಟ್ ಹೊತ್ತು ಬಿಡಬೇಕು?”

“ತಡಿ, ಅದರ ಮ್ಯಾಲ ಇನ್ನೊಂದು ತಟ್ಟಿ ಬೋರಲ ಹಾಕಿ ಮುಚ್ಚು. ಬಾಗಲ ತಗಿ.”

ಅವಳು ಒಳಗೆ ಬಂದು ಬಾಗಿಲು ಹಾಕಿದಳು. ಇಬ್ಬರು ನಿಂತರೆ ತಿರುಗಲು ಜಾಗವಿಲ್ಲದ ಬಚ್ಚಲು. ಅವ್ವ ಔಷಧಿಯಲ್ಲಿ ಒಂದು ಬೆರಳು ಅದ್ದಿ, ತಣ್ಣಗಿದೆ ಎಂದು, ತಟ್ಟೆಯನ್ನು ಬಿಸಿನೀರಿನ ಬೋಗುಣಿಯ ಮೇಲಿಟ್ಟಳು. ಫಿಲಂ ಅನ್ನು ಮೂಲೆಯಲ್ಲಿ ಮಾತ್ರ ಹಿಡಿದು ಎತ್ತಿ, ಇಳಿಸಿ, ಎತ್ತಿ, ಇಳಿಸಿ. ಅವಳು ಈ ಕೆಲಸ ಮಾಡುವುದನ್ನು ನಾನು ಅದೇ ಮೊದಲ ಸಲ ನೋಡಿದ್ದು. ಕೆಂಪು ಬಲ್ಬಿನೆದುರು ಎತ್ತಿ ಹಿಡಿದಾಗ ಫಿಲಂ ಮೇಲೆ ಆಯಿ ಮೂಡಿ ಬಂದಿದ್ದಳು. ಕಣ್ಣು, ಮೂಗುಬಟ್ಟು, ಸೋಸುತ್ತಿದ್ದ ಸೊಪ್ಪಿನ ಎಲೆ ಎಲೆಯೂ. ನಾನು ಅತ್ತುಬಿಟ್ಟೆ. ಅವ್ವ ಒದ್ದೆ ಕೈ ನನ್ನ ಕೆನ್ನೆಗೆ ತಗುಲದಂತೆ ಮೊಣಕೈಯಿಂದ ನನ್ನನ್ನು ಪಕ್ಕಕ್ಕೆ ಸರಿಸಿ, “ನೀರಾಗ ಹಾಕಾಕ ಜಾಗಾ ಬಿಡ,” ಎಂದಳು.

ಅದಾದ ಕೆಲವು ದಿನಗಳಿಗೆ ಅವಳೇ ಬಾಯಿ ಬಿಟ್ಟಳು. “ನಾಡಿದ್ದು ಡಾರ್ಕ್‌ರೂಮು ಒಡೀತಾರಂತ. ನಾಳೆ ನಿನ್ನ ಪೆಟ್ಟಿಗಿ ತಗೊಂಡು ಬಾ. ಡಾಕ್ಟರಮ್ಮನ್ನ ಕೇಳೀನಿ. ಹ್ಞೂಂ ಅಂದಾರ.” ಆಮೇಲೆ, “ಅಲ್ಲಿ ನಾ ಭಾಳ ವರ್ಷ ನಿಂತೀನಿ,” ಎಂದಳು.

ಮರುದಿನ ಸಂಜೆ ಅಪ್ಪನೂ ನಾನೂ ಆಟೋದಲ್ಲಿ ಕ್ಯಾಮೆರಾ ಹೊತ್ತುಹೋದೆವು. ಡಾರ್ಕ್‌ರೂಮು ನಮ್ಮ ಬಚ್ಚಲಿಗಿಂತ ಬಹಳ ದೊಡ್ಡದೇನಲ್ಲ. ಗೋಡೆ ಕಪ್ಪು, ಒಂದು ಕಡೆ ಔಷಧಿಯ ತೊಟ್ಟಿಗಳು, ಮೇಲೆ ಹ್ಯಾಂಗರುಗಳ ಸಾಲು. ಅವ್ವ ತೊಟ್ಟಿಯ ಮುಂದೆ ನಿಂತಳು. ಕೋಣೆಯ ಸಾದಾ ಬಲ್ಬು ಹಾಕಿ, ಮುಚ್ಚಳ ತೆಗೆದು, ಬೇಕಾದಷ್ಟು ಹೊತ್ತು ಬಿಟ್ಟು ಮುಚ್ಚಿದೆ. ಅಲ್ಲೇ ತೊಳೆದು ನೋಡಿದರೆ ಫಿಲಂ ಹೆಚ್ಚುಕಡಿಮೆ ಖಾಲಿ. ಅವ್ವ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದಳು.

“ಬಲ್ಬಿನ ಹಳದಿ ಬೆಳಕ ಇದಕ್ಕ ಸಾಲಂಗಿಲ್ಲ. ಹೊರಗಿನ ಬಿಸಲ ಬೇಕು. ಬಾಗಲ ತಗದಿಟ್ಟು ತಗೀಬೇಕು.”

“ನಾಳೆ ಒಡೀತಾರಲ್ಲ?” ಎಂದ ಅಪ್ಪ.

“ಒಡೀಲಿ. ಅದಕ್ಕಿಂತ ಮೊದ್ಲ ನಾವು ಬರೋಣು.”

ಬೆಳಿಗ್ಗೆ ಅಪ್ಪನಿಗೆ ಗಾಡಿ ಇತ್ತು. ಸ್ಟ್ಯಾಂಡನ್ನು ಅವ್ವ, ಪೆಟ್ಟಿಗೆಯನ್ನು ನಾನು ಹೊತ್ತುಹೋದೆವು. ನಮಗಿಂತ ಮೊದಲೇ ಕೆಲಸದವರು ಬಂದಿದ್ದರು. ಗೋಡೆ ಕೊರೆಯುವ ಮಷೀನು ಹಿಡಿದ ಇಬ್ಬರು ಗಂಡಸರು, ಬುಟ್ಟಿ ಹಿಡಿದ ಒಬ್ಬ ಹೆಂಗಸು. ಹೊರಗಿನ ವರಾಂಡಾದಲ್ಲಿ ಗುರುತು ಹಾಕಿ ಕೊರೆಯಲು ಶುರುಮಾಡಿಬಿಟ್ಟಿದ್ದರು. ಅವ್ವ ನೆಟ್ಟಗೆ ಹೋಗಿ ಬಾಗಿಲಿಗೆ ಅಡ್ಡ ನಿಂತು ಹಿಂದಿಯಲ್ಲಿ, ಅರ್ಧ ತಾಸು ನಿಲ್ಲಿಸಿ, ಎಂದಳು. ಕಂಟ್ರಾಕ್ಟರು ಬಂದರೆ ಬೈತಾನೆ ಎಂದ ಒಬ್ಬ. ಅವ್ವ ಅಲುಗಲಿಲ್ಲ.

“ಅವ್ವಾ, ನೆಲ ನಡುಗಿದ್ರ ಚಿತ್ರ ಅಲ್ಲಾಡ್ತೈತಿ,” ಎಂದೆ ನಾನು.

ಬುಟ್ಟಿಯ ಹೆಂಗಸು ತಿರುಗಿ ನೋಡಿದಳು. “ನೀವ್ ಕನ್ನಡದವರೇನ್ರಿ ಅಕ್ಕಾರ? ನಮ್ದು ಯಾದಗಿರಿ ಕಡೆ.” ಆಮೇಲೆ ತನ್ನವರತ್ತ, “ಮಷೀನ್ ಬಂದ್ ಮಾಡ್ರೋ. ಅಕ್ಕಾರದು ಏನೋ ಕೆಲ್ಸ ಐತಂತ, ಮುಗೀಲಿ.” ಮೂವರೂ ಗೋಡೆಗೊರಗಿ ಕೂತರು. ಕಂಟ್ರಾಕ್ಟರು ಬಂದರೆ ಚಹಾಕ್ಕೆ ಹೋಗಿದ್ದೆವು ಎನ್ನುತ್ತೇವೆ ಎಂದು ಅವರಲ್ಲೇ ಮಾತಾಯಿತು.

ವರಾಂಡಾದ ಎದುರಿನ ಕಿಟಕಿಯಿಂದ ಬಿಸಿಲು ಬರುತ್ತಿತ್ತು. ಅವ್ವ ಡಾರ್ಕ್‌ರೂಮಿನ ಬಾಗಿಲನ್ನು ಪೂರ್ತಿ ತೆರೆದು ಇಟ್ಟಿಗೆ ಆನಿಸಿದಳು. ಹಗಲು ಹೊತ್ತಿನಲ್ಲಿ ಆ ಬಾಗಿಲು ಹಾಗೆ ತೆರೆದದ್ದನ್ನು ತಾನೇ ನೋಡಿಲ್ಲ ಎಂದಳು. ಕಪ್ಪು ಗೋಡೆಯ ಮೇಲಿನ ಔಷಧಿಯ ಕಲೆಗಳು, ತೊಟ್ಟಿಯ ಅಂಚಿನಲ್ಲಿ ಅವಳ ಸೊಂಟ ತಗುಲಿ ತಗುಲಿ ನುಣುಪಾದ ಜಾಗ, ಎಲ್ಲವೂ ಕಂಡವು. ಅವಳು ಅಲ್ಲಿಗೇ ಆತುಕೊಂಡು ನಿಂತು, ಒಂದು ಕೈಯನ್ನು ತೊಟ್ಟಿಯ ಮೇಲಿಟ್ಟು, ಬೆಳಕಿನ ಕಡೆ ಮುಖ ಮಾಡಿದಳು. ನಾನು ಕೌದಿಯೊಳಗೆ ಹೋದೆ. ಬೇಸಿಗೆಯೆಲ್ಲ ತಿರುವಿದ ತಿರುಪು, ಅದು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಮುಚ್ಚಳ ಹಾಕಿ ಡಬ್ಬಿ ಸಿಕ್ಕಿಸಿದೆ, ತಗಡು ಎಳೆದೆ, “ಉಸಿರ ಹಿಡಿ ಅವ್ವಾ,” ಎಂದು ಮುಚ್ಚಳ ತೆಗೆದೆ. ವರಾಂಡಾದಲ್ಲಿ ಕೂತವರೂ ಉಸಿರು ಹಿಡಿದಿದ್ದರೆಂದು ಮುಚ್ಚಳ ಹಾಕಿದ ಮೇಲೆ ಅವರೆಲ್ಲ ಒಟ್ಟಿಗೆ ನಿಟ್ಟುಸಿರು ಬಿಟ್ಟಾಗ ಗೊತ್ತಾಯಿತು.

ಬಾಗಿಲು ಹಾಕಿ ಆ ತೊಟ್ಟಿಯಲ್ಲೇ ತೊಳೆದೆವು. ಅವ್ವ ತಾನು ಕೈಹಾಕಲಿಲ್ಲ, “ನೀನ ಮಾಡ,” ಎಂದು ಪಕ್ಕದಲ್ಲಿ ನಿಂತಳು. ಚಿತ್ರ ಬಂದಿತ್ತು. ಒಣಗುವವರೆಗೆ ಕಾಯುವ ಹಾಗಿರಲಿಲ್ಲ. ಕೆಲಸದವರಿಗೆ ಬಾಗಿಲು ಬಿಟ್ಟುಕೊಟ್ಟು ಹೊರಬಂದೆವು. ನಾವು ಗೇಟು ದಾಟುವಷ್ಟರಲ್ಲಿ ಹಿಂದೆ ಮಷೀನು ಶುರುವಾಯಿತು. ಅವ್ವ ತಿರುಗಿ ನೋಡಲಿಲ್ಲ.

ಆಟೋದಲ್ಲಿ ಸ್ಟ್ಯಾಂಡು ನಮ್ಮ ಕಾಲ ಬುಡದಲ್ಲಿ, ಪೆಟ್ಟಿಗೆ ನನ್ನ ತೊಡೆಯ ಮೇಲೆ. ಅವ್ವ ಒದ್ದೆ ಫಿಲಂ ಅನ್ನು ಎರಡು ಬೆರಳಲ್ಲಿ ಮೂಲೆ ಹಿಡಿದು, ಧೂಳು ಬೀಳದಂತೆ ಸೆರಗು ಮರೆ ಮಾಡಿಕೊಂಡು ಕೂತಿದ್ದಳು. ನೀಲಿ ಫಿಲಂ, ಅದರ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಡ್ರೈವರು ಕನ್ನಡಿಯಲ್ಲಿ ಅದನ್ನು ಕಂಡು ಹಿಂದೆ ತಿರುಗಿದ. ಆಸ್ಪತ್ರೆಯ ಗೇಟಿನಿಂದ ಹತ್ತಿದವರಲ್ಲವೆ ನಾವು.

“ಎಕ್ಸ್-ರೇನಾ ಅಮ್ಮಾ? ಎವರಿಕಿ ಏಮೈಂದಿ?” ಯಾರಿಗೆ ಏನಾಯಿತು ಎಂದು ಮರುಕದಿಂದ ಕೇಳಿದ.

“ಎವರಿಕೀ ಏಮೀ ಕಾಲೇದು,” ಎಂದಳು ಅವ್ವ. ಯಾರಿಗೂ ಏನೂ ಆಗಿಲ್ಲ. ಆಮೇಲೆ ಸೆರಗು ಸರಿಸಿ, ಅವನಿಗೆ ಸರಿಯಾಗಿ ಕಾಣುವಂತೆ ಫಿಲಂ ಅನ್ನು ಬಿಸಿಲಿಗೆ ಎತ್ತಿ ಹಿಡಿದಳು.

“ಇದಿ ನೇನೇ,” ಎಂದಳು. ಇದು ನಾನೇ.